ಲೆಕ್ಕ ಸಭೆಯ ಮುಂದೆ ಬರಲಿ: ಉತ್ತರ ಡಯಾಸಿಸ್‌ನ ಹಿರಿಯರಿಗೂ ಸಭಾಪಾಲಕರಿಗೂ ಒಂದು ಬಹಿರಂಗ ಪತ್ರ

ಸಿ.ಎಸ್.ಐ. ಕರ್ನಾಟಕ ಉತ್ತರ ಡಯಾಸಿಸ್‌ನ ಸಭಾಪಾಲಕರಿಗೆ, ಪಾಸ್ಟರೇಟ್ ಕಮಿಟಿಗಳ ಹಿರಿಯರಿಗೆ, ಡಯಾಸಿಸನ್ ಕೌನ್ಸಿಲ್ಲಿಗೂ ಕಾರ್ಯಕಾರಿ ಸಮಿತಿಗೂ ಆರಿಸಿ ಬಂದ ಸಹೋದರ ಸಹೋದರಿಯರಿಗೆ ಹಳೇ ಹುಬ್ಬಳ್ಳಿಯಿಂದ ಈ ಪತ್ರ.

ಹಗಲೆಲ್ಲ ಶಾಲೆಯಲ್ಲಿ ಪಾಠ ಹೇಳಿ, ಬ್ಯಾಂಕಿನಲ್ಲಿ ದುಡಿದು, ರೈಲ್ವೆ ವರ್ಕ್‌ಶಾಪಿನಲ್ಲಿ ಪಾಳಿ ಮುಗಿಸಿ, ಸಂಜೆ ಕಮಿಟಿ ಮೀಟಿಂಗಿಗೆ ಬಂದು ಕೂಡುವವರು ನಿಮ್ಮಲ್ಲಿ ಬಹಳ ಮಂದಿ. ಸಮಾಧಿ ಭೂಮಿಯ ಗೋಡೆ ಬಿದ್ದರೂ, ಶಾಲೆಯ ಸೂರು ಸೋರಿದರೂ, ಒಂದು ಬಡ ಮನೆಯಲ್ಲಿ ಸಾವಾದರೂ ಮೊದಲು ಫೋನು ಬರುವುದು ನಿಮಗೆ. ಈ ದುಡಿಮೆಗೆ ಸಂಬಳ ಇಲ್ಲ, ಎಷ್ಟೋ ಸಲ ಒಂದು ಒಳ್ಳೆಯ ಮಾತೂ ಇಲ್ಲ. ಸಭಾಪಾಲಕರಿಗೆ ಸಂಬಳವಿದ್ದರೂ ಕಮಿಟಿ, ಟ್ರಸ್ಟು, ಶಾಲಾ ಮಂಡಳಿಗಳ ಕೆಲಸ ಅವರ ಮೇಲೆ ಹೆಚ್ಚುವರಿಯಾಗಿ ಬಿದ್ದ ಹೊರೆಯೇ. ನಿಮ್ಮ ಈ ಸೇವೆಯನ್ನು ಗೌರವಿಸುತ್ತಲೇ, ಆ ಗೌರವದ ಕಾರಣಕ್ಕಾಗಿಯೇ, ಒಂದು ಬೇಡಿಕೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಪ್ರತಿ ಪಾಸ್ಟರೇಟಿನ ಜಮಾ-ಖರ್ಚು, ಆಸ್ತಿಯ ಪಟ್ಟಿ ಮತ್ತು ಮುಖ್ಯ ಠರಾವುಗಳು ಪ್ರತಿ ವರ್ಷ ತಪ್ಪದೆ, ಕನ್ನಡದಲ್ಲಿ, ಇಡೀ ಸಭೆಯ ಮುಂದೆ ಬರಲಿ. ಇದನ್ನು ಈಗಾಗಲೇ ಮಾಡುತ್ತಿರುವ ಸಭೆಗಳು ಉಳಿದವರಿಗೆ ಮಾದರಿಯಾಗಲಿ. ಅರ್ಧ ಮಾಡುತ್ತಿರುವವರು ಪೂರ್ತಿ ಮಾಡಲಿ. ಮಾಡದವರು ಈ ವರ್ಷವೇ ಶುರು ಮಾಡಲಿ.

ಬೇಡಿಕೆ ಸಣ್ಣದಾಗಿ ಕಾಣಬಹುದು. ಅದರ ತೂಕ ತಿಳಿಯಲು ನಮ್ಮ ಚರಿತ್ರೆಯತ್ತ ಒಮ್ಮೆ ನೋಡಬೇಕು. 1834ರಲ್ಲಿ ಬಾಸೆಲ್ ಮಿಷನ್‌ನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ನೆಲೆಸಿದ ಮೇಲೆ ಮಿಷನ್ ಘಟ್ಟ ಹತ್ತಿ ಬರಲು ತಡವಾಗಲಿಲ್ಲ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಹೀಗೆ ನೆಲೆಗಳು ಬೆಳೆದವು. ಬಂದವರು ಬರವಣಿಗೆಯ ಶಿಸ್ತು ಬಲ್ಲವರು. 1843ರ ಜುಲೈ 1ರಂದು ಮೊಗ್ಲಿಂಗ್ 'ಮಂಗಳೂರು ಸಮಾಚಾರ' ಹೊರಡಿಸಿದರು. 1853ರಲ್ಲಿ ಬಂದ ಕಿಟೆಲ್ ನಾಲ್ಕು ದಶಕಗಳ ನಂತರ, 1894ರಲ್ಲಿ, ಕನ್ನಡಕ್ಕೊಂದು ನಿಘಂಟು ಕೊಟ್ಟರು. ಇದೇ ಶಿಸ್ತಿನಿಂದ ಮಿಷನ್ ವರ್ಷವರ್ಷವೂ ಅಚ್ಚು ಮಾಡಿಸಿದ ವರದಿಗಳಲ್ಲಿ ಯಾವ ನೆಲೆಯಲ್ಲಿ ಎಷ್ಟು ಸಭಿಕರು, ಎಷ್ಟು ಶಾಲೆ, ಯಾವ ದಾನಿ ಎಷ್ಟು ಕೊಟ್ಟರು, ಖರ್ಚು ಎಷ್ಟಾಯಿತು ಎಂಬುದೆಲ್ಲ ಇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಹುಬ್ಬಳ್ಳಿ ಸಭೆಯ ಬಗ್ಗೆ ಇಂದು ಯಾರಾದರೂ ಸಂಶೋಧನೆ ಮಾಡಲು ಸಾಧ್ಯವಾಗಿರುವುದು ಆ ವರದಿಗಳಿಂದ. ಆದರೆ ಅವು ಯಾರಿಗಾಗಿ ಬರೆದವು? ಬಾಸೆಲಿನ ಕಮಿಟಿಗಾಗಿ, ಯುರೋಪಿನ ದಾನಿಗಳಿಗಾಗಿ, ಹಣ ಕೊಟ್ಟ ಇಂಗ್ಲಿಷ್ ಅಧಿಕಾರಿಗಳಿಗಾಗಿ. ಬೈಬಲು, ಕೀರ್ತನೆ, ಪಠ್ಯಪುಸ್ತಕ, ಪತ್ರಿಕೆ ಎಲ್ಲ ಕನ್ನಡಕ್ಕೆ ಬಂದವು. ಲೆಕ್ಕ ಮಾತ್ರ ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ಹಡಗು ಹತ್ತಿ ಹೋಯಿತು.

ಇದನ್ನು ಹೇಳುತ್ತಿರುವುದು ಆ ಮಿಷನರಿಗಳನ್ನು ದೂರಲಿಕ್ಕಲ್ಲ. ಹಣ ಎಲ್ಲಿಂದ ಬರುತ್ತಿತ್ತೋ ಅಲ್ಲಿಗೆ ಲೆಕ್ಕ ಹೋಗುವುದು ಸಹಜವೇ. 1851ರಲ್ಲಿ ಹಿಂದುಸ್ತಾನಕ್ಕೆ ಬಂದು ನೆಲೆಗಳನ್ನೆಲ್ಲ ನೋಡಿ ಹೋದ ಮಿಷನ್‌ನ ಇನ್‌ಸ್ಪೆಕ್ಟರ್ ಯೋಸೆನ್‌ಹಾನ್ಸ್ ಕಾಲದಲ್ಲಿ ಸಭೆಗಳ ವ್ಯವಸ್ಥೆ ಇನ್ನಷ್ಟು ಬಿಗಿಯಾಯಿತು. ಅದು ಸಭೆಗೆ ಹಿರಿಯರು ಬೇಕೆಂದಿತು, ಹಿರಿಯರಿಗೆ ಜವಾಬ್ದಾರಿಯನ್ನೂ ಕೊಟ್ಟಿತು. ಆದರೆ ಕೊನೆಯ ಮಾತು ಬಾಸೆಲಿನದೇ. ಮಿಷನರಿಗಳು ತಮ್ಮ ಮದುವೆಗೂ ಅಲ್ಲಿಂದ ಅನುಮತಿ ಪಡೆಯಬೇಕಿತ್ತು. ಹಾಗಾಗಿ ನಮ್ಮ ಹಿರಿಯರಿಗೆ ಮೊದಲ ದಿನದಿಂದ ರೂಢಿಯಾದದ್ದು ಮೇಲಿನವರಿಗೆ ಉತ್ತರ ಕೊಡುವುದು. ಪಕ್ಕದ ಬೆಂಚಿನವರಿಗೆ ಉತ್ತರ ಕೊಡುವ ಅಭ್ಯಾಸ ಬೆಳೆಯಲು ಅಲ್ಲಿ ಜಾಗ ಇರಲಿಲ್ಲ. 1914ರ ಯುದ್ಧ ಈ ಏರ್ಪಾಡಿನ ಬುಡವನ್ನೇ ಅಲುಗಿಸಿತು. ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ಅವರ ದೇಶಕ್ಕೆ ಕಳಿಸಿತು. ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ನಮ್ಮ ಭಾಗದ ಕೆಲಸವನ್ನು ಸ್ವಿಟ್ಜರ್ಲೆಂಡಿನ ಕ್ಯಾನರೀಸ್ ಇವ್ಯಾಂಜಲಿಕಲ್ ಮಿಷನ್ ವಹಿಸಿಕೊಂಡಿತು. 1920ರ ದಶಕದ ಕೊನೆಗೆ ಬಾಸೆಲ್ ಮಿಷನ್ ಮತ್ತೆ ಬಂತು. ಆಡಳಿತ ಹೀಗೆ ಕೈ ಬದಲಾಯಿಸುತ್ತಿದ್ದ ವರ್ಷಗಳಲ್ಲೂ ಸಭೆಗಳು ಉಳಿದವು. ಸ್ಥಳೀಯ ಸಭಾಪಾಲಕರು, ಉಪದೇಶಿಗಳು, ಮಾಸ್ತರರು, ಹಿರಿಯರು ಇಲ್ಲದಿದ್ದರೆ ಅವು ಉಳಿಯುತ್ತಿರಲಿಲ್ಲ. ಸಭೆಯನ್ನು ಸಭೆಯ ಜನರೇ ಹೊರಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಈ ಪುರಾವೆಯನ್ನು ತನ್ನ ಸಂವಿಧಾನದಲ್ಲೇ ಒಪ್ಪಿಕೊಂಡಿತು. ಬಿಷಪ್ ಇರುವ ಪದ್ಧತಿ, ಹಿರಿಯರ ಮಂಡಳಿಯ ಪದ್ಧತಿ, ಇಡೀ ಸಭೆ ಕೂಡಿ ತೀರ್ಮಾನಿಸುವ ಪದ್ಧತಿ ಈ ಮೂರೂ ಇಲ್ಲಿ ಒಂದಾಗಬೇಕು ಎಂಬುದೇ ಆ ಐಕ್ಯದ ತಿರುಳು. ಉತ್ತರ ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳು ಅಂದೇ ಸೇರಲಿಲ್ಲ, ಚರ್ಚೆ ಮಾಡಿ ತಡವಾಗಿ ಸೇರಿದವು. 1970ರಲ್ಲಿ ಮೈಸೂರು ಡಯಾಸಿಸ್ ಮೂರು ಭಾಗವಾದಾಗ ಧಾರವಾಡವನ್ನು ಕೇಂದ್ರವಾಗಿಟ್ಟುಕೊಂಡು ನಮ್ಮ ಉತ್ತರ ಡಯಾಸಿಸ್ ಆಯಿತು. ಕಾಗದದ ಮೇಲೆ ಈ ಮೂರು ಪದ್ಧತಿಗಳೂ ಇಂದಿಗೂ ಇವೆ: ಬಿಷಪ್ ಇದ್ದಾರೆ, ಕಮಿಟಿ ಕೌನ್ಸಿಲ್ಲುಗಳಿವೆ, ಮತದಾನ ಇದೆ. ಆದರೆ ಮೂರನೆಯ ಪದ್ಧತಿಗೆ ಜೀವ ಬರುವುದು ಸಭೆಗೆ ಮಾಹಿತಿ ಇದ್ದಾಗ. ಲೆಕ್ಕ ಗೊತ್ತಿಲ್ಲದವನು ಮತ ಹಾಕಿದರೆ ಅವನು ಮುಖ ನೋಡಿ, ಮನೆತನ ನೋಡಿ, ಗುಂಪು ನೋಡಿ ಹಾಕುತ್ತಾನೆ. ನಮ್ಮ ಚುನಾವಣೆಗಳಲ್ಲಿ ಗುಂಪುಗಾರಿಕೆ ಹೆಚ್ಚಿತೆಂದು ನಾವೆಲ್ಲ ಮರುಗುತ್ತೇವೆ. ಜನರ ಕೈಯಲ್ಲಿ ಹೋಲಿಸಿ ನೋಡಲು ಲೆಕ್ಕವೇ ಇಲ್ಲದಿದ್ದರೆ ಗುಂಪಿನ ಹೊರತು ಇನ್ನೇನು ಉಳಿಯುತ್ತದೆ?

ಈಗ ನಮ್ಮ ಲೆಕ್ಕ ಯಾರ್ಯಾರ ಮುಂದೆ ಹೋಗುತ್ತದೆ ಎಂದು ನೋಡೋಣ. ಲೆಕ್ಕ ಪರಿಶೋಧಕರು ನೋಡುತ್ತಾರೆ. ಆದಾಯ ತೆರಿಗೆ ಇಲಾಖೆ ನೋಡುತ್ತದೆ. ವಿದೇಶಿ ದೇಣಿಗೆ ಪಡೆಯುವ ಯಾವುದೇ ಸಂಸ್ಥೆ 2010ರ ಎಫ್.ಸಿ.ಆರ್.ಎ. ಕಾಯ್ದೆಯ ಪ್ರಕಾರ ಕೇಂದ್ರ ಗೃಹ ಸಚಿವಾಲಯಕ್ಕೆ ವರ್ಷವರ್ಷ ವರದಿ ಕೊಡಬೇಕು. 2020ರ ತಿದ್ದುಪಡಿಯಾದ ಮೇಲೆ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು. ಸಿ.ಎಸ್.ಐ. ಆಸ್ತಿಗಳನ್ನು ಹಿಡಿದಿಡಲು 1947ರಲ್ಲೇ ನೋಂದಣಿಯಾದ ಟ್ರಸ್ಟ್ ಅಸೋಸಿಯೇಶನ್ ಒಂದು ಕಂಪನಿ. ಅದರ ಕಾಗದ ಪತ್ರಗಳು ಕಂಪನಿ ರಿಜಿಸ್ಟ್ರಾರರ ಮುಂದೆ ಹೋಗಬೇಕು. ಅಂದರೆ ದೆಹಲಿಗೆ ಗೊತ್ತು, ಚೆನ್ನೈಗೆ ಗೊತ್ತು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ನೂರರ ನೋಟು ಕೊಟ್ಟು ಕೊಂಡೊಯ್ದ ತಾಯಿಗೆ ಆ ನೂರು ಎಲ್ಲಿ ಹೋಯಿತೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಹೇಳಬೇಕಾದವರು ನೀವು. ಮೊದಲು ಬಾಸೆಲಿಗೆ ಹೋಗುತ್ತಿದ್ದ ಲೆಕ್ಕ ಈಗ ಸರ್ಕಾರಕ್ಕೆ ಹೋಗುತ್ತಿದೆ; ಎರಡು ಕಾಲದಲ್ಲೂ ಅದು ಮೇಲಕ್ಕೇ ಹೋಯಿತು. ಕೆಳಕ್ಕೆ ಬರುವ ಹಾದಿಯನ್ನು ನಾವೇ ಹಾಕಿಕೊಳ್ಳಬೇಕಾಗಿದೆ.

ಆ ಹಾದಿ ಇಲ್ಲದ್ದರ ಬೆಲೆಯನ್ನು ನಮ್ಮ ಸಭೆಗಳು ನ್ಯಾಯಾಲಯಗಳಲ್ಲಿ ತೆರುತ್ತಿವೆ. ಸಿ.ಎಸ್.ಐ.ಯ ಅತ್ಯುನ್ನತ ಮಂಡಳಿಯಾದ ಸಿನಡ್‌ನ ಚುನಾವಣೆ ಮತ್ತು ಸಂವಿಧಾನ ತಿದ್ದುಪಡಿಯ ಜಗಳ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2024ರಲ್ಲಿ ಆ ನ್ಯಾಯಾಲಯ ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿ ಆದೇಶ ಕೊಟ್ಟಿತು. ಅದೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಯಾರ ಪಕ್ಷ ಸರಿ ಎಂಬುದನ್ನು ನ್ಯಾಯಾಲಯಗಳು ಹೇಳಲಿ. ನಮ್ಮ ನಡುವೆ ತೀರಬೇಕಾದ ಮಾತು ಅಲ್ಲಿಯವರೆಗೆ ಹೋಯಿತು ಎಂಬುದೇ ನಮಗೆ ಸಾಕಷ್ಟು ಎಚ್ಚರಿಕೆ. ಗುಜರಾತಿನ ಬ್ರೆದ್ರನ್ ಸಭೆಯ ಆಸ್ತಿ ಉತ್ತರ ಭಾರತ ಸಭೆಗೆ ಸೇರಿತೇ ಎಂಬ ವ್ಯಾಜ್ಯದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಮ್ಮ ಭಾಗಕ್ಕೆ ಇನ್ನೂ ಹತ್ತಿರದ್ದು. ಸಭೆಗಳು ಒಂದಾಗುವ ಠರಾವು ಮಾಡಿದ ಮಾತ್ರಕ್ಕೆ ಟ್ರಸ್ಟಿನ ಆಸ್ತಿ ತಾನಾಗಿ ಕೈ ಬದಲಾಯಿಸುವುದಿಲ್ಲ, ಮುಂಬೈ ಪಬ್ಲಿಕ್ ಟ್ರಸ್ಟ್ ಕಾಯ್ದೆ ಹೇಳುವ ಕ್ರಮದಲ್ಲಿಯೇ ಆಗಬೇಕು ಎಂಬುದು ಅದರ ಸಾರ. 1956ರವರೆಗೆ ಧಾರವಾಡ ಜಿಲ್ಲೆಯೂ ಮುಂಬೈ ರಾಜ್ಯದಲ್ಲೇ ಇತ್ತು. ಬಾಸೆಲ್ ಮಿಷನ್‌ನಿಂದ ಬಂದ ನೆಲ, ಅದರ ಹಳೆಯ ಹೆಸರುಗಳು, ನಂತರದ ವಿಲೀನ ಇವೆಲ್ಲ ನಮ್ಮ ಉತಾರಗಳಲ್ಲಿ ಸ್ಪಷ್ಟವಾಗಿ ಇವೆಯೇ ಎಂದು ತಿಳಿಯುವುದು ಸಭೆಯ ಪ್ರತಿಯೊಬ್ಬರ ಹಕ್ಕು. ಅದನ್ನು ಹುಡುಕಿ ಹೊರತೆಗೆದು ಇಡುವುದು ನಿಮ್ಮ ಕರ್ತವ್ಯ.

ನಿಮ್ಮಲ್ಲಿ ಕೆಲವರು ಹೇಳಬಹುದು: ಸಭೆ ಕಂಪನಿಯಲ್ಲ, ಇಲ್ಲಿ ನಡೆಯಬೇಕಾದದ್ದು ನಂಬಿಕೆಯ ಮೇಲೆ. ನಂಬಿಕೆಯ ಮಾತನ್ನು ವೇದಗ್ರಂಥದಿಂದಲೇ ನೋಡೋಣ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಸಭೆಯ ಮೊದಲ ಆಡಳಿತದ ಜಗಳ ಇದೆ. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಿದ್ದಾರೆಂದು ದೂರಿದವರು ಗ್ರೀಕ್ ಮಾತಾಡುವವರು, ಅಂದರೆ ಆಡಳಿತ ನಡೆಸುವವರ ಭಾಷೆಯ ಹೊರಗಿದ್ದವರು. ಅಪೊಸ್ತಲರು ಅವರನ್ನು ಅವಿಶ್ವಾಸಿಗಳೆಂದು ಗದರಲಿಲ್ಲ. ಇಡೀ ಶಿಷ್ಯಮಂಡಲಿಯನ್ನು ಕರೆದು, ಏಳು ಜನರನ್ನು ನೀವೇ ಆರಿಸಿರಿ ಎಂದರು. ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು ಎಂಬುದನ್ನು ವ್ಯಾಖ್ಯಾನಕಾರರು ಬಹಳ ಹಿಂದೆಯೇ ಗುರುತಿಸಿದ್ದಾರೆ. ದೂರಿದವರ ಕಡೆಯವರ ಕೈಗೇ ಹಂಚಿಕೆಯ ಕೆಲಸ ಹೋಯಿತು. ಪೌಲನೂ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ತಾನೊಬ್ಬನೇ ಹೊತ್ತು ಹೋಗಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ಆರಿಸಿಕೊಟ್ಟ ಸಹೋದರನನ್ನು ಜೊತೆಗೆ ಕಳಿಸಿದ್ದನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ತಾನೇ ವಿವರಿಸಿದ್ದಾನೆ. ಅಪೊಸ್ತಲನಿಗೆ ಬೇಕಾದ ಸಾಕ್ಷಿ ನಮ್ಮ ಖಜಾಂಚಿಗೆ ಬೇಡವೆನ್ನಲು ನಮಗೆ ಯಾವ ಆಧಾರವಿದೆ?

ಎರಡನೆಯ ಆಕ್ಷೇಪ ಭಯದ್ದು, ಅದನ್ನು ಹಗುರವಾಗಿ ತಳ್ಳಿಹಾಕುವ ಕಾಲ ಇದಲ್ಲ. 2021ರ ಅಕ್ಟೋಬರಿನಲ್ಲಿ ನಮ್ಮ ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ ಪ್ರಾರ್ಥನಾ ಮಂದಿರವೊಂದರ ಒಳಗೆ ಹೊರಗಿನವರು ನುಗ್ಗಿ ಕೂತು ಭಜನೆ ಮಾಡಿದ್ದನ್ನು ಊರು ಮರೆತಿಲ್ಲ. ಮರುವರ್ಷ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆಯೂ ಬಂತು. ಇಂಥ ಹೊತ್ತಿನಲ್ಲಿ ನಮ್ಮ ಲೆಕ್ಕವನ್ನು ಗೋಡೆಗೆ ಅಂಟಿಸಿದರೆ ವಿರೋಧಿಗಳ ಕೈಗೆ ಅಸ್ತ್ರ ಕೊಟ್ಟಂತಾಗುವುದಿಲ್ಲವೇ ಎಂದು ಕೇಳುವವರ ಕಳವಳ ನಿಜವಾದದ್ದು. ಆದರೆ ಸಭೆಯ ಮೇಲೆ ಹೊರಗಿನವರು ಮಾಡುವ ಮುಖ್ಯ ಆರೋಪವೇ ಗುಟ್ಟಿನ ಹಣದ್ದು. ಆ ಆರೋಪಕ್ಕೆ ಮುಚ್ಚಿದ ಕಪಾಟು ಉತ್ತರವಾಗಲಾರದು. ಇಂತಿಷ್ಟು ಕಾಣಿಕೆ ಬಂತು, ಇಂತಿಷ್ಟು ಸಭಾಪಾಲಕರ ಸಂಬಳಕ್ಕೆ, ಇಂತಿಷ್ಟು ಬಡ ಮಕ್ಕಳ ಫೀಸಿಗೆ, ಇಂತಿಷ್ಟು ಗೋಡೆಯ ದುರಸ್ತಿಗೆ ಎಂದು ಕನ್ನಡದಲ್ಲಿ ಬರೆದು ಹಚ್ಚಿದ ಕಾಗದ ಓದಿದ ನೆರೆಮನೆಯವನೂ ನಮ್ಮ ಪರವಾಗಿ ಮಾತಾಡಬಲ್ಲ. ಲೆಕ್ಕ ಬಚ್ಚಿಟ್ಟರೆ ನಮ್ಮ ಮಕ್ಕಳೇ ಹೊರಗಿನವರ ಮಾತನ್ನು ಅರ್ಧ ನಂಬುವಂತಾಗುತ್ತದೆ. ವೈಯಕ್ತಿಕ ಸಹಾಯ ಪಡೆದವರ ಹೆಸರು, ಆಶ್ರಯ ಕೇಳಿ ಬಂದವರ ವಿವರ ಗುಪ್ತವಾಗಿಯೇ ಇರಲಿ. ಮೊತ್ತ ಹೇಳಲು ಹೆಸರು ಬೇಕಾಗುವುದಿಲ್ಲ.

ಆಸ್ತಿಯ ವಿಷಯ ವ್ಯಾಜ್ಯದಲ್ಲಿದೆ, ಬಹಿರಂಗ ಮಾಡಿದರೆ ಕೇಸಿಗೆ ಧಕ್ಕೆ ಎಂಬುದು ಮೂರನೆಯ ಮಾತು. ವಕೀಲರ ಸಲಹೆ ಮತ್ತು ವಾದದ ತಯಾರಿಯನ್ನು ಗುಪ್ತವಾಗಿಡಲು ಯಾರ ಅಡ್ಡಿಯೂ ಇಲ್ಲ. ಆದರೆ ಸಿಟಿ ಸರ್ವೆಯ ಸಿ.ಟಿ.ಎಸ್. ನಂಬರು, ವಿಸ್ತೀರ್ಣ, ಉತಾರದಲ್ಲಿರುವ ಹೆಸರು ಇವು ಸರ್ಕಾರಿ ದಾಖಲೆಗಳು. ಹೊಲದ ಪಹಣಿಯನ್ನು 'ಭೂಮಿ' ಯೋಜನೆ ಬಂದಾಗಿನಿಂದ ಯಾರು ಬೇಕಾದರೂ ತೆಗೆಸಬಹುದು. ಜಾಗದ ಮೇಲೆ ಕಣ್ಣಿಟ್ಟವರು ಅವನ್ನು ಆಗಲೇ ತೆಗೆಸಿ ಇಟ್ಟುಕೊಂಡಿರುತ್ತಾರೆ. ಗೊತ್ತಿಲ್ಲದೆ ಉಳಿಯುವವರು ಸಭೆಯ ಜನ ಮಾತ್ರ. ಹುಬ್ಬಳ್ಳಿ-ಧಾರವಾಡದಲ್ಲಿ ನೆಲದ ಬೆಲೆ ಏರಿದ ಹಾಗೆಲ್ಲ ಊರ ನಡುವೆ ಇರುವ ಕಂಪೌಂಡು, ಸಮಾಧಿ ಭೂಮಿ, ಶಾಲಾ ಮೈದಾನಗಳ ಮೇಲೆ ಒತ್ತಡ ಏರುತ್ತದೆ. ನಾಲ್ಕು ಜನರಿಗಷ್ಟೇ ಗೊತ್ತಿರುವ ಜಾಗವನ್ನು ಕಬಳಿಸುವವನು ಆ ನಾಲ್ಕು ಜನರನ್ನು ಒಲಿಸಿಕೊಂಡರೆ ಸಾಕು. ನಾನೂರು ಮನೆಗಳಿಗೆ ಗೊತ್ತಿರುವ ಜಾಗಕ್ಕೆ ಕೈ ಹಾಕುವವನು ನಾನೂರು ಮನೆಗಳನ್ನು ಎದುರಿಸಬೇಕಾಗುತ್ತದೆ. ಬೇಲಿಗಿಂತ ಗಟ್ಟಿ ಕಾವಲು ಇದು.

ಕೊನೆಯದಾಗಿ, ಸಂಬಳವಿಲ್ಲದೆ ದುಡಿಯುವವರ ಮೇಲೆ ಇಷ್ಟು ಹೊರೆ ಹಾಕಿದರೆ ನಾಳೆ ಯಾರೂ ಮುಂದೆ ಬರುವುದಿಲ್ಲ ಎನ್ನುವವರಿದ್ದಾರೆ. ಇಲ್ಲೇ ಗದಗಿನ ಪಕ್ಕದ ಕಣಗಿನಹಾಳವನ್ನು ನೆನೆಯಿರಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಅಲ್ಲಿ ಹುಟ್ಟಿದ ರೈತರ ಸಹಕಾರಿ ಪತ್ತಿನ ಸಂಘವನ್ನು ದೇಶದ ಮೊದಲನೆಯದೆಂದು ಗುರುತಿಸುತ್ತಾರೆ. ಆ ಹೊತ್ತಿನಿಂದ ನಮ್ಮ ಹಳ್ಳಿ ಹಳ್ಳಿಯ ಸಂಘಗಳಲ್ಲಿ ಒಕ್ಕಲುತನದವರು ವಾರ್ಷಿಕ ಸಭೆಗೆ ಕೂತು ಅಢಾವೆ ಓದಿಸಿ, ತಕರಾರು ಎತ್ತಿ, ಠರಾವು ಮಾಡುತ್ತ ಬಂದಿದ್ದಾರೆ. ಅವರಲ್ಲಿಯೂ ಜಗಳವಿದೆ, ಲೋಪವಿದೆ; ಆದರೆ ಅಢಾವೆ ಕೇಳುವುದು ಅಪಮಾನವೆಂದು ಅಲ್ಲಿ ಯಾರೂ ತಿಳಿಯುವುದಿಲ್ಲ. ಬಿಡುವಿಲ್ಲದ ರೈತರು ಮಾಡಿಕೊಂಡು ಬಂದದ್ದನ್ನು ಶಾಲೆ ಕಾಲೇಜುಗಳನ್ನು ನಡೆಸುವ ಸಭೆ ಮಾಡಲಾರದೇ? ಅದಲ್ಲದೆ ಬರೆದಿಟ್ಟ ಲೆಕ್ಕದಿಂದ ಮೊದಲು ಕಾಪಾಡಲ್ಪಡುವವರು ಪ್ರಾಮಾಣಿಕ ಸ್ವಯಂಸೇವಕರೇ. ಲೆಕ್ಕ ಒಪ್ಪಿಸಿ, ಸಭೆಯಿಂದ ಮಂಜೂರಿ ಪಡೆದು, ಚಾರ್ಜು ಕೊಟ್ಟು ಇಳಿದ ಖಜಾಂಚಿಯನ್ನು ಹತ್ತು ವರ್ಷದ ಮೇಲೆ ಯಾರೂ ಬೀದಿಯಲ್ಲಿ ನಿಲ್ಲಿಸಿ ಕೇಳಲಾರರು. ಸಭಾಪಾಲಕರಿಗಂತೂ ಇದು ಇನ್ನೂ ಹೆಚ್ಚು ಬೇಕು. ಅವರು ವರ್ಗವಾಗಿ ಹೋಗುವವರು. ಹೊಸ ಊರಿಗೆ ಬಂದಾಗ ಹಿಂದಿನ ಠರಾವೇನು, ಬಾಕಿ ಏನು ಎಂಬುದನ್ನು ಬಾಯಿಮಾತಿನಿಂದ ತಿಳಿಯಬೇಕಾದರೆ ಮೊದಲು ಬಂದು ಕಿವಿಯಲ್ಲಿ ಹೇಳಿದ ಗುಂಪಿನ ಕೈಗೆ ಸಿಕ್ಕಿಬೀಳುತ್ತಾರೆ.

ಆದ್ದರಿಂದ ನನ್ನ ಬೇಡಿಕೆಯನ್ನು ಬಿಡಿಸಿ ಹೇಳುತ್ತೇನೆ. ಮಾರ್ಚ್ 31ಕ್ಕೆ ವರ್ಷ ಮುಗಿದ ಮೂರು ತಿಂಗಳೊಳಗೆ ಪ್ರತಿ ಪಾಸ್ಟರೇಟ್ ತನ್ನ ಜಮಾ-ಖರ್ಚನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಒಂದೆರಡು ಹಾಳೆಯಲ್ಲಿ ಬರೆದು ಆರಾಧನೆಯ ನಂತರ ಓದಲಿ, ಬೋರ್ಡಿಗೆ ಹಚ್ಚಲಿ, ಪ್ರಶ್ನೆ ಕೇಳಲು ಒಂದು ಭಾನುವಾರ ಕೊಡಲಿ. ಡಯಾಸಿಸ್ ತನ್ನ ಎಲ್ಲ ಆಸ್ತಿಗಳ ಒಂದು ವಹಿ ಮಾಡಲಿ: ನಂಬರು, ವಿಸ್ತೀರ್ಣ, ಉತಾರದ ಹೆಸರು, ಬಾಡಿಗೆ ಅಥವಾ ಲೀಸು ಇದ್ದರೆ ಯಾರಿಗೆ, ಎಷ್ಟಕ್ಕೆ, ಎಷ್ಟು ವರ್ಷಕ್ಕೆ. ಅದರ ನಕಲು ಪ್ರತಿ ಪಾಸ್ಟರೇಟಿನಲ್ಲಿ ಇರಲಿ. ಕಾರ್ಯಕಾರಿ ಸಮಿತಿಯ ಮುಖ್ಯ ಠರಾವುಗಳ ಕನ್ನಡ ಸಾರಾಂಶ ಸಭೆ ನಡೆದ ತಿಂಗಳೊಳಗೆ ಎಲ್ಲ ಕಡೆ ಮುಟ್ಟಲಿ. ಐದಾರು ಭಾಷೆಗಳ ಸಿನಡ್‌ಗೆ ಇಂಗ್ಲಿಷ್ ಬೇಕಾದೀತು. ಗುಳೇದಗುಡ್ಡದ ನೇಕಾರರ ಮನೆಗೆ ಬೇಕಾದದ್ದು ಕನ್ನಡ. ತಮ್ಮ ನೆಂಟರ ನೇಮಕ, ಗುತ್ತಿಗೆ, ಲೀಸಿನ ಮಾತು ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಲಿ, ಹೋದದ್ದು ನಡಾವಳಿಯಲ್ಲಿ ದಾಖಲಾಗಲಿ. ಲೆಕ್ಕದ ಪ್ರಶ್ನೆಗಳನ್ನು ಕೋರ್ಟಿಗೆ ಹೋಗುವ ಮೊದಲು ಕೇಳಿ ತೀರಿಸಲು ಬೇರೆ ಪಾಸ್ಟರೇಟಿನವರು ಇರುವ ಒಂದು ಸಣ್ಣ ಮಂಡಳಿ ಇರಲಿ, ಅದರಲ್ಲಿ ಅರ್ಧದಷ್ಟಾದರೂ ಹೆಂಗಸರಿರಲಿ. ಮನೆ ಮನೆಯ ಪ್ರಾರ್ಥನೆ, ಸಂಡೇ ಸ್ಕೂಲು, ರೋಗಿಗಳ ಭೇಟಿ ಇವನ್ನು ಬಹುಪಾಲು ನಡೆಸುತ್ತಿರುವವರು ಅವರು. ದುಡಿಮೆಯಲ್ಲಿ ಮುಂದಿರುವವರು ಲೆಕ್ಕದಲ್ಲಿ ಹಿಂದೆ ಉಳಿಯುವುದು ನ್ಯಾಯವಲ್ಲ.

ಇಷ್ಟಕ್ಕೂ ಸಿನಡ್‌ನ ಅಪ್ಪಣೆಗೆ ಕಾಯಬೇಕಿಲ್ಲ. ಕಾಣಿಕೆ ಕೊಟ್ಟ ಸಭೆಗೆ ಲೆಕ್ಕ ಹೇಳಲು ಯಾರ ಪರವಾನಿಗೆಯೂ ಬೇಡ. ಆಸ್ತಿ ವಹಿಗೆ ಡಯಾಸಿಸ್ ಕಚೇರಿಯ ಸಹಕಾರ ಬೇಕು, ಅದನ್ನು ಕೌನ್ಸಿಲ್ಲಿನಲ್ಲಿ ಕೇಳಿ ಪಡೆಯುವ ಅಧಿಕಾರ ನಿಮಗಿದೆ. ಉಳಿದದ್ದಕ್ಕೆ ನಿಮ್ಮ ಮುಂದಿನ ಕಮಿಟಿ ಮೀಟಿಂಗಿನಲ್ಲಿ ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಿದ ಒಂದು ಠರಾವು ಸಾಕು. ಆ ಠರಾವನ್ನು ಸೂಚಿಸುವವರು ನೀವಾಗಿರಿ. ಸೂಚಿಸಿದ ಮೇಲೆ ಅದಕ್ಕೊಂದು ತಾರೀಖು ಹಾಕಿರಿ, ಆ ತಾರೀಖಿಗೆ ಲೆಕ್ಕ ತಂದು ಓದಿರಿ. ಕೇಳಲು ಸಭೆ ಸಿದ್ಧವಿದೆ, ನಿಮ್ಮ ದುಡಿಮೆಗೆ ಸಲ್ಲಬೇಕಾದ ಕೃತಜ್ಞತೆಯನ್ನು ತಿಳಿದು ಸಲ್ಲಿಸಲೂ ಸಿದ್ಧವಿದೆ.

ಕರ್ತನ ಸೇವೆಯಲ್ಲಿ ನಿಮ್ಮ ಜೊತೆಯ,
ಹಳೇ ಹುಬ್ಬಳ್ಳಿಯ ಒಬ್ಬ ಸಭಾ ಸದಸ್ಯ